ವೆಜ್ಲೇ ಬೆಟ್ಟದಲ್ಲಿ ಒಂದು ರಾತ್ರಿ: ಹೋಗುವುದು ಹೇಗೆ, ನೋಡುವುದು ಏನು?

ಪ್ಯಾರಿಸ್ಸಿಗೆ ಹೋಗುವ ನಮ್ಮವರು ಐಫೆಲ್ ಗೋಪುರ, ಲೂವ್ರ್, ಸೀನ್ ನದಿಯ ದೋಣಿ ವಿಹಾರ ಮುಗಿಸಿ ನೇರ ಸ್ವಿಟ್ಜರ್ಲೆಂಡಿನ ದಾರಿ ಹಿಡಿಯುತ್ತಾರೆ. ಫ್ರಾನ್ಸಿನ ಹಳ್ಳಿಯಲ್ಲಿ ಒಂದು ರಾತ್ರಿ ಇದ್ದು ಬಂದೆ ಎನ್ನುವವರು ಕಡಿಮೆ. ಅದು ಕಷ್ಟವೇನೂ ಅಲ್ಲ, ಸ್ವಲ್ಪ ಮುಂಚಿನ ತಯಾರಿ ಬೇಕು ಅಷ್ಟೆ. ಮೊದಲ ಸಲಕ್ಕೆ ನಾನು ಹೇಳುವ ಊರು ವೆಜ್ಲೇ. ಪ್ಯಾರಿಸ್ಸಿನಿಂದ ಆಗ್ನೇಯಕ್ಕೆ ಸುಮಾರು 220 ಕಿ.ಮೀ. ದೂರ, ಬರ್ಗಂಡಿ ಸೀಮೆ. ಬೆಟ್ಟದ ಬೆನ್ನುದ್ದಕ್ಕೂ ಏರುವ ಒಂದು ಮುಖ್ಯ ಬೀದಿ, ಅದರ ತುದಿಗೆ ಒಂಬತ್ತು ಶತಮಾನ ಹಳೆಯ ದೊಡ್ಡ ಚರ್ಚು, ಕೆಳಗೆ ದ್ರಾಕ್ಷಿ ತೋಟ, ಹುಲ್ಲುಗಾವಲು. ಜನಸಂಖ್ಯೆ ಕೆಲವೇ ನೂರು. 1979ರಲ್ಲಿ ಯುನೆಸ್ಕೊ ಚರ್ಚನ್ನಷ್ಟೇ ಅಲ್ಲ, ಬೆಟ್ಟವನ್ನೂ ಸೇರಿಸಿ ವಿಶ್ವ ಪರಂಪರೆಯ ಪಟ್ಟಿಗೆ ತೆಗೆದುಕೊಂಡಿತು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬೆಳಿಗ್ಗೆ ಬಂದು ಸಂಜೆ ವಾಪಸಾಗುವ ಪ್ಲಾನ್ ಹಾಕಬೇಡಿ. ಬೇಸಿಗೆಯ ನಡುಹಗಲಲ್ಲಿ ಬಸ್ಸುಗಳಲ್ಲಿ ಬಂದವರಿಂದ ಬೀದಿ ತುಂಬಿರುತ್ತದೆ. ಬಸ್ಸುಗಳು ಹೊರಟ ಮೇಲೆ, ಮರುದಿನ ಅವು ಬರುವ ಮುಂಚೆ, ಊರು ಊರಿನವರದಾಗಿರುತ್ತದೆ. ಆ ಹೊತ್ತಿಗೆ ಅಲ್ಲಿರಬೇಕು. ಮುಂದೆ ಹೇಳುವ ಲೆಕ್ಕವೆಲ್ಲ ಆ ಒಂದು ರಾತ್ರಿಯ ಸುತ್ತಲೇ ಇದೆ.

ಮೊದಲು ತಿಂಗಳು ಗೊತ್ತುಮಾಡಿ

ಮೇ, ಜೂನ್, ಸೆಪ್ಟೆಂಬರ್ ಒಳ್ಳೆಯ ತಿಂಗಳುಗಳು. ಜುಲೈ, ಆಗಸ್ಟ್ ಫ್ರಾನ್ಸಿನವರದೇ ರಜಾಕಾಲ. ಜತೆಗೆ ಜುಲೈ 22 ಈ ಚರ್ಚಿನ ಸಂತ ಮೇರಿ ಮ್ಯಾಗ್ಡಲೀನಳ ಹಬ್ಬ, ಅವತ್ತು ನಿಶ್ಶಬ್ದ ಹುಡುಕಿಕೊಂಡು ಹೋಗಬಾರದು. ಚಳಿಗಾಲದಲ್ಲಿ ಅಂಗಡಿ, ಹೋಟೆಲುಗಳಲ್ಲಿ ಎಷ್ಟೋ ಮುಚ್ಚಿರುತ್ತವೆ.

ಜೂನ್ 21ರ ಆಸುಪಾಸಿಗೆ ಹೋಗಲು ಸಾಧ್ಯವಾದರೆ ಬಿಡಬೇಡಿ. ಸೂರ್ಯ ನೆತ್ತಿಗೇರುವ ಹೊತ್ತಿಗೆ ದಕ್ಷಿಣದ ಮೇಲಿನ ಕಿಟಕಿಗಳಿಂದ ಇಳಿದ ಬಿಸಿಲು ಚರ್ಚಿನ ನೆಲದ ಮೇಲೆ, ಸರಿಯಾಗಿ ನಡುಗೆರೆಯಲ್ಲಿ, ಒಂದರ ಮುಂದೊಂದು ಬೆಳಕಿನ ಮಡುಗಳಾಗಿ ಬೀಳುತ್ತದೆ. ಬಾಗಿಲಿನಿಂದ ಪೂಜಾಪೀಠದ ಕಡೆಗೆ ಬೆಳಕಿನದೇ ಒಂದು ದಾರಿ. ಫ್ರಾನ್ಸಿನ ಬೇಸಿಗೆಯ ಗಡಿಯಾರದಲ್ಲಿ ಸೂರ್ಯ ನೆತ್ತಿಗೆ ಬರುವುದು ಹನ್ನೆರಡಕ್ಕಲ್ಲ, ಎರಡಕ್ಕೆ ಕಾಲು ಗಂಟೆ ಇರುವಾಗ. ಒಂದೂವರೆಗೆ ಒಳಗೆ ಹೋಗಿ ನಿಂತಿರಿ.

ವೀಸಾ, ಬುಕಿಂಗ್

ಇದು ಎಲ್ಲರಿಗೂ ಗೊತ್ತಿರುವ, ಯೂರೋಪಿನ ಹಲವು ದೇಶಗಳಿಗೆ ಒಂದೇ ಆಗಿ ನಡೆಯುವ ಶೆಂಗೆನ್ ವೀಸಾ. ಬೆಂಗಳೂರಿನಲ್ಲೇ ಅರ್ಜಿ ಹಾಕಬಹುದು. ಪ್ರಯಾಣಕ್ಕೆ ಆರು ತಿಂಗಳು ಇರುವಾಗಿನಿಂದ ತೆಗೆದುಕೊಳ್ಳುತ್ತಾರೆ, ಕೊನೆಯ ಗಡುವು 15 ದಿನ ಮುಂಚೆ. 2024ರ ಜೂನ್‌ನಿಂದ ದೊಡ್ಡವರಿಗೆ ಶುಲ್ಕ 90 ಯೂರೊ. ಕನಿಷ್ಠ 30,000 ಯೂರೊ ಭರಿಸುವ ಪ್ರಯಾಣ ವಿಮೆ ಬೇಕೇ ಬೇಕು. ವೆಜ್ಲೇಯ ಒಂದು ರಾತ್ರಿಯ ಬುಕಿಂಗನ್ನೂ ಕಾಗದಪತ್ರದ ಜತೆ ಇಡಿ, ಪ್ರವಾಸದ ವಿವರದಲ್ಲಿ ನಡುವೆ ಖಾಲಿ ರಾತ್ರಿ ಇರಬಾರದು.

ಕೋಣೆ ಹುಡುಕುವಾಗ ಬೆಟ್ಟದ ಮೇಲೇ ಹುಡುಕಿ. ಕೆಳಗಿನ ಊರುಗಳಲ್ಲಿ ಅಗ್ಗಕ್ಕೆ ಸಿಕ್ಕರೂ ಸಂಜೆ, ಮುಂಜಾನೆ ಕೈತಪ್ಪಿಹೋಗುತ್ತವೆ. ಸಣ್ಣ ಹೋಟೆಲುಗಳಿವೆ, ಮನೆಯವರೇ ಕೋಣೆ ಕೊಟ್ಟು ಬೆಳಗಿನ ತಿಂಡಿ ಬಡಿಸುವ ವ್ಯವಸ್ಥೆಯೂ ಇದೆ. ಇದಕ್ಕೆ ಅಲ್ಲಿ ಶಾಂಬ್ರ್ ದೋತ್ ಎನ್ನುತ್ತಾರೆ. ನನಗೆ ಇಷ್ಟವಾದದ್ದು ಇದೇ.

ರೈಲು ಹತ್ತುವುದು

ಪ್ಯಾರಿಸ್ಸಿನಲ್ಲಿ ಬೇರೆ ಬೇರೆ ದಿಕ್ಕಿಗೆ ಬೇರೆ ಬೇರೆ ನಿಲ್ದಾಣಗಳಿವೆ. ವೆಜ್ಲೇ ಕಡೆಯ ರೈಲು ಹೊರಡುವುದು ಬೆರ್ಸಿ ನಿಲ್ದಾಣದಿಂದ. ಮೆಟ್ರೊದ 14ನೇ ಮಾರ್ಗ ಅಲ್ಲಿಗೇ ಬಿಡುತ್ತದೆ. ಹೆಸರುವಾಸಿಯಾದ ಲಿಯೊನ್ ನಿಲ್ದಾಣ ಅಲ್ಲಿಂದ ನಡೆದುಹೋಗುವಷ್ಟು ಹತ್ತಿರ. ಎರಡನ್ನೂ ಒಂದೇ ಎಂದುಕೊಂಡು ರೈಲು ತಪ್ಪಿಸಿಕೊಳ್ಳಬೇಡಿ.

ಇಳಿಯಬೇಕಾದ ನಿಲ್ದಾಣದ ಹೆಸರು ಸೆರ್ಮಿಜೆಲ್-ವೆಜ್ಲೇ. ಎರಡೂವರೆ ಗಂಟೆಯ ಆಸುಪಾಸಿನ ಪ್ರಯಾಣ. ಕೆಲವು ರೈಲುಗಳು ನೇರ, ಕೆಲವಕ್ಕೆ ದಾರಿಯಲ್ಲಿ ಬದಲಾಯಿಸಬೇಕು. ಓಸೇರ್ ಪಟ್ಟಣ ದಾಟಿದ ಮೇಲೆ ಹಳಿ ನದಿಯ ಪಕ್ಕಕ್ಕೆ ಬರುತ್ತದೆ, ಅಲ್ಲಿಂದ ಮುಂದೆ ಫೋನ್ ಬದಿಗಿಟ್ಟು ಹೊರಗೆ ನೋಡಿ.

ಸೆರ್ಮಿಜೆಲ್‌ನಿಂದ ಬೆಟ್ಟಕ್ಕೆ ಇನ್ನೂ 10 ಕಿ.ಮೀ. ಇದೆ. ಎಡವುವವರು ಇಲ್ಲೇ. ನಿಲ್ದಾಣ ತೀರ ಚಿಕ್ಕದು, ಹೊರಗೆ ಟ್ಯಾಕ್ಸಿ ಕಾದು ನಿಂತಿರುವುದಿಲ್ಲ, ಆಟೊ ಎಂಬುದು ಇಲ್ಲವೇ ಇಲ್ಲ, ಬಸ್ಸು ಇದ್ದರೂ ಅಪರೂಪ. ಕೋಣೆ ಬುಕ್ ಮಾಡಿದಾಗಲೇ ಆ ಮನೆಯವರಿಗೆ ರೈಲಿನ ಸಮಯ ಬರೆದು ಟ್ಯಾಕ್ಸಿ ಹೇಳಿಸಿಡಿ.

ಕಾರು ಬಾಡಿಗೆಗೆ ತೆಗೆದುಕೊಳ್ಳುವವರು ಭಾರತದಿಂದಲೇ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಂಡು ಹೋಗಬೇಕು. ರಸ್ತೆಯ ಬಲಕ್ಕೆ ಓಡಿಸುವುದು ಬೇಗ ಅಭ್ಯಾಸವಾಗುತ್ತದೆ. ಅಪಾಯ ಇರುವುದು ಇನ್ನೊಂದು ನಿಯಮದಲ್ಲಿ: ಬೇರೆ ಫಲಕ ಇಲ್ಲದ ಕಡೆ ಬಲಗಡೆಯ ರಸ್ತೆಯಿಂದ ಬರುವ ವಾಹನಕ್ಕೆ ಮೊದಲ ಹಕ್ಕು, ಅದು ಎಷ್ಟೇ ಸಣ್ಣ ಓಣಿಯಾದರೂ. ಹಳ್ಳಿಗಳಲ್ಲಿ ಇದು ಸದಾ ನೆನಪಿರಲಿ.

ಏರುವುದು ನಡೆದೇ

ಬೀದಿ ಶುರುವಾಗುವುದು ಬೆಟ್ಟದ ಬುಡದ ಸಂತೆ ಮೈದಾನದಿಂದ. ಟ್ಯಾಕ್ಸಿಯವರಿಗೆ ಅಲ್ಲೇ ನಿಲ್ಲಿಸಲು ಹೇಳಿ. ಆರಾಮವಾಗಿ ನಡೆದರೂ ಕಾಲು ಗಂಟೆಯ ಏರು. ಕಲ್ಲುಹಾಸಿನ ಮೇಲೆ ಗಾಲಿ ಸೂಟ್‌ಕೇಸ್ ಎಳೆದರೆ ಇಡೀ ಬೀದಿಗೆ ಸದ್ದು. ಬೆನ್ನಿಗೆ ಹಾಕುವ ಚೀಲ ಸಾಕು. ದಾರಿಯ ಕಲ್ಲುಗಳ ನಡುವೆ ಅಲ್ಲಲ್ಲಿ ಕಂಚಿನ ಕಪ್ಪೆಚಿಪ್ಪು ಕೂರಿಸಿದ್ದಾರೆ. ಸ್ಪೇನಿನ ಸಾಂತಿಯಾಗೊಗೆ ಕಾಲ್ನಡಿಗೆಯಲ್ಲಿ ಹೋಗುವ ಯಾತ್ರಿಕರ ಗುರುತು ಅದು. ಫ್ರಾನ್ಸಿನಿಂದ ಹೊರಡುವ ನಾಲ್ಕು ಹಳೆಯ ಯಾತ್ರಾಮಾರ್ಗಗಳಲ್ಲಿ ಒಂದು ಈ ಊರಿನಿಂದಲೇ ಶುರು. ದೊಡ್ಡ ಚೀಲ ಹೊತ್ತು, ಚಿಪ್ಪು ಕಟ್ಟಿಕೊಂಡವರು ಎದುರಾದರೆ ಅವರ ಮುಂದೆ ಇನ್ನೂ ತಿಂಗಳುಗಟ್ಟಲೆ ನಡಿಗೆ ಇದೆ ಎಂದು ತಿಳಿಯಿರಿ.

ಚರ್ಚಿನ ಒಳಗೆ ಎಲ್ಲಿ ನಿಲ್ಲಬೇಕು

ಪ್ರವೇಶಕ್ಕೆ ಶುಲ್ಕವಿಲ್ಲ. 1120ರಲ್ಲಿ ಹಳೆಯ ಕಟ್ಟಡ ಬೆಂಕಿಗೆ ಸಿಕ್ಕಿದ ಮೇಲೆ ಈಗಿನ ಒಳಾಂಗಣ ಎದ್ದಿತು. ಎರಡನೇ ಧರ್ಮಯುದ್ಧಕ್ಕೆ (ಕ್ರುಸೇಡ್) ಸಂತ ಬರ್ನಾರ್ಡ್ ಕರೆ ಕೊಟ್ಟದ್ದು 1146ರಲ್ಲಿ, ಇದೇ ಬೆಟ್ಟದ ಇಳಿಜಾರಿನಲ್ಲಿ. ಮುಂದೆ ಯಾತ್ರಿಕರು ಕಡಿಮೆಯಾಗಿ, ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಶಿಲ್ಪಗಳು ಒಡೆದು, ಕಟ್ಟಡ ಕುಸಿಯುವ ಸ್ಥಿತಿಗೆ ಬಂದಿತ್ತು. 1840ರಲ್ಲಿ ಅದನ್ನು ಉಳಿಸುವ ಕೆಲಸ ವಹಿಸಿಕೊಂಡ ವಾಸ್ತುಶಿಲ್ಪಿ ವಿಯೊಲೆ-ಲ-ಡ್ಯೂಕ್‌ಗೆ ಆಗ ಇನ್ನೂ 26 ವರ್ಷ.

ಹೊರಬಾಗಿಲು ದಾಟಿದ ತಕ್ಷಣ ಒಳಗೆ ಓಡಬೇಡಿ. ಮುಖಮಂಟಪದಲ್ಲೇ ನಿಂತು, ಎದುರಿನ ಬಾಗಿಲಿನ ಮೇಲಿರುವ ಅರ್ಧಚಂದ್ರಾಕಾರದ ಶಿಲ್ಪಫಲಕ ನೋಡಿ. ನಡುವೆ ಕ್ರಿಸ್ತ, ಅವನ ಬೆರಳುಗಳಿಂದ ಶಿಷ್ಯರ ತಲೆಗಳಿಗೆ ಹರಿಯುವ ಕಿರಣಗಳು. ಸುತ್ತ ಅಂದಿನವರು ಕಲ್ಪಿಸಿಕೊಂಡ ಲೋಕದ ಜನಾಂಗಗಳು: ಮೊರದಗಲ ಕಿವಿಯವರು, ಕುದುರೆ ಹತ್ತಲು ಏಣಿ ಹಾಕಿರುವ ಕುಳ್ಳರು, ನಾಯಿಮುಖದ ಮನುಷ್ಯರು. ಈ ನಾಯಿಮುಖದವರು ಭಾರತದಲ್ಲಿದ್ದಾರೆ ಎಂಬುದು ಪ್ರಾಚೀನ ಗ್ರೀಕರಿಂದ ಇಳಿದು ಬಂದ ನಂಬಿಕೆ. ಆ ಕಲ್ಲುಕುಟಿಗರಿಗೆ ನಮ್ಮ ದೇಶ ಅಷ್ಟು ದೂರದ್ದು. ಹೊರ ಅಂಚಿನ ಕಮಾನಿನಲ್ಲಿ ಹನ್ನೆರಡು ರಾಶಿಗಳು, ಜತೆಗೆ ತಿಂಗಳು ತಿಂಗಳಿನ ಬೇಸಾಯದ ಕೆಲಸ. ಮೇಷ, ವೃಷಭ, ಕರ್ಕಾಟಕವನ್ನು ಯಾರ ನೆರವೂ ಇಲ್ಲದೆ ಗುರುತಿಸುತ್ತೀರಿ.

ಒಳಗೆ ಕಂಬಗಳ ಬೋದಿಗೆಗಳ ಮೇಲೆಲ್ಲ ಕಥೆಗಳೇ. ಎಲ್ಲವನ್ನೂ ನೋಡಲು ಹೋದರೆ ಕತ್ತು ನೋಯುತ್ತದೆ, ಒಂದನ್ನು ಮಾತ್ರ ಹುಡುಕಿ. ಬಲಗಡೆಯ ಸಾಲಿನಲ್ಲಿ ಒಂದು ಹಿಟ್ಟಿನ ಗಿರಣಿಯಿದೆ. ಮೊಣಕಾಲಿನವರೆಗಿನ ಉಡುಪಿನ ಮೋಸೆಸ್ ಮೇಲಿನಿಂದ ಕಾಳು ಸುರಿಯುತ್ತಿದ್ದಾನೆ. ಕೆಳಗೆ ಬರಿಗಾಲಿನ ಸಂತ ಪೌಲ ಬಾಗಿ, ಚೀಲದ ಬಾಯಿ ಅಗಲಿಸಿ ಹಿಟ್ಟು ಹಿಡಿಯುತ್ತಿದ್ದಾನೆ. ಬೈಬಲಿನ ಮೊದಲ ಭಾಗವಾದ ಹಳೆಯ ಒಡಂಬಡಿಕೆಯ ಕಾಳು ಎರಡನೆಯ ಭಾಗವಾದ ಹೊಸ ಒಡಂಬಡಿಕೆಯಲ್ಲಿ ಹಿಟ್ಟಾಯಿತು ಎಂಬುದು ಅರ್ಥ. ಅರ್ಥ ಗೊತ್ತಿಲ್ಲದಿದ್ದರೂ ಪೌಲ ಚೀಲ ಹಿಡಿದಿರುವ ರೀತಿ ನೋಡಿ. ಒಂದು ಕಾಳಿನ ಹಿಟ್ಟೂ ಚೆಲ್ಲಬಾರದು ಎಂಬ ಜಾಗ್ರತೆ ಆ ಬೆರಳುಗಳಲ್ಲಿದೆ. ಇಡೀ ಚರ್ಚಿನಲ್ಲಿ ನನಗೆ ಅತಿ ಪ್ರಿಯವಾದದ್ದು ಅದು.

ಸಂಜೆಯ ಪ್ರಾರ್ಥನೆಯನ್ನು ಇಲ್ಲಿರುವ ಸನ್ಯಾಸಿ, ಸನ್ಯಾಸಿನಿಯರು ಹಾಡಿಯೇ ಮಾಡುತ್ತಾರೆ. ಸಮಯ ಬಾಗಿಲ ಬಳಿ ನೋಡಿಕೊಳ್ಳಿ. ಯಾವ ಧರ್ಮದವರಾದರೂ ಹಿಂದಿನ ಸಾಲಿನಲ್ಲಿ ಕೂರಬಹುದು. ಕ್ಯಾಮೆರಾ ಮಾತ್ರ ಚೀಲದಲ್ಲಿರಲಿ.

ರೊಮಾ ರೋಲಾ ಇದ್ದ ಮನೆ

ಗಾಂಧೀಜಿ, ರಾಮಕೃಷ್ಣ ಪರಮಹಂಸ, ವಿವೇಕಾನಂದರ ಜೀವನ ಚರಿತ್ರೆ ಬರೆದು ಅವರನ್ನು ಯೂರೋಪಿನ ಓದುಗರಿಗೆ ಪರಿಚಯಿಸಿದ ನೊಬೆಲ್ ಪುರಸ್ಕೃತ ಲೇಖಕ ರೊಮಾ ರೋಲಾ ಕೊನೆಯ ವರ್ಷಗಳನ್ನು ಕಳೆದದ್ದು ಈ ಬೀದಿಯಲ್ಲಿ. 1944ರ ಡಿಸೆಂಬರ್ 30ರಂದು ತೀರಿಕೊಂಡದ್ದೂ ಇಲ್ಲೇ. ಅವರ ಮನೆ ಈಗ ಜೆರ್ವೋಸ್ ಮ್ಯೂಸಿಯಂ. ಪಿಕಾಸೊ, ಲೆಜೆ, ಕ್ಯಾಂಡಿನ್ಸ್ಕಿ, ಮಿರೊ ಚಿತ್ರಗಳಿವೆ. ಚಳಿಗಾಲದಲ್ಲಿ ಬಾಗಿಲು ಮುಚ್ಚಿರುತ್ತದೆ. ಚಿತ್ರಗಳಿಗಾಗಿ ಅಲ್ಲದಿದ್ದರೂ ಆ ಮನೆಗಾಗಿ ಹೋಗಿ. ಭಾರತಕ್ಕೆ ಎಂದೂ ಬರದೆ ನಮ್ಮವರ ಬಗ್ಗೆ ಅಷ್ಟು ಪ್ರೀತಿಯಿಂದ ಬರೆದವರಿಗೆ ಅದು ನಾವು ಸಲ್ಲಿಸಬೇಕಾದ ಗೌರವ.

ಊಟ, ಮಾತು

ಮಧ್ಯಾಹ್ನ ಹನ್ನೆರಡರಿಂದ ಎರಡರೊಳಗೆ ಊಟ, ಆಮೇಲೆ ಅಡುಗೆಮನೆ ಬಂದ್. ರಾತ್ರಿ ಏಳರ ನಂತರವೇ ಮತ್ತೆ ಶುರು. ಸಸ್ಯಾಹಾರಿಗಳು ಬುಕ್ ಮಾಡುವಾಗಲೇ ತಿಳಿಸಿ, ಜತೆಗೆ "ಮಾಂಸ ಬೇಡ, ಮೀನು ಬೇಡ" ಎಂಬುದನ್ನೂ ಸೇರಿಸಿ: ಸಾಂ ವ್ಯಾಂದ್, ಸಾಂ ಪ್ವಾಸ್ಸೋಂ. ಬರ್ಗಂಡಿಯ ಗೂಜೇರ್ ಎಂಬ ಚೀಸ್ ಹಾಕಿದ ಹಗುರ ಬನ್ ಸೊಗಸಾಗಿರುತ್ತದೆ, ಅದರಲ್ಲಿ ಮೊಟ್ಟೆ ಇದೆ ಎಂಬುದು ಗೊತ್ತಿರಲಿ. ಬಾಟಲಿ ನೀರು ಕೊಳ್ಳಬೇಕಿಲ್ಲ. ಊಟದ ಜತೆ ಕರಾಫ್ ದೋ ಎಂದು ಕೇಳಿದರೆ ಹೂಜಿ ನೀರು ಉಚಿತವಾಗಿ ತಂದಿಡುತ್ತಾರೆ.

ಅಂಗಡಿಗೆ ಕಾಲಿಟ್ಟೊಡನೆ ಮೊದಲು ಬೋಂಝೂರ್ ಎನ್ನಿ, ಬೇಕಾದ್ದನ್ನು ಆಮೇಲೆ ಕೇಳಿ. ನಮಸ್ಕಾರ ಹೇಳದೆ ಬೆಲೆ ಕೇಳುವುದು ಅಲ್ಲಿ ಒರಟುತನ.

ಮರುದಿನ ಬೆಳಿಗ್ಗೆ

ಬೇಗ ಎದ್ದು ಚರ್ಚಿನ ಹಿಂದಿನ ಮರಗಳ ಕಟ್ಟೆಗೆ ಹೋಗಿ. ಕೆಳಗೆ ಕೂರ್ ನದಿಯ ಕಣಿವೆ, ಆಚೆ ಮೋರ್ವಾನ್ ಕಾಡುಗುಡ್ಡಗಳು. ಅಲ್ಲಿಂದ ಹಳೆಯ ಕೋಟೆಗೋಡೆಯ ಗುಂಟ ಊರಿಗೆ ಒಂದು ಸುತ್ತು ಹಾಕಬಹುದು. ಇನ್ನೂ ಶಕ್ತಿಯಿದ್ದರೆ ಉತ್ತರದ ಇಳಿಜಾರಿನ ಲಾ ಕೊರ್ದೆಲ್ ಎಂಬ ಪುಟ್ಟ ಪ್ರಾರ್ಥನಾ ಮಂದಿರದವರೆಗೆ ಇಳಿದು ಬನ್ನಿ, ಅಲ್ಲಿಗೆ ಬಸ್ಸಿನವರು ಬರುವುದು ಕಡಿಮೆ. ಮನೆಗಳ ಕಿಟಕಿ ಬೀದಿಗೇ ತೆರೆದಿರುತ್ತವೆ, ಒಳಗೆ ಜನ ಮಲಗಿರುತ್ತಾರೆ; ವಿಡಿಯೊ ಕಾಲ್ ಈ ಹೊತ್ತಿಗೆ ಬೇಡ.

ತಿಂಡಿ ಮುಗಿಸಿ 2 ಕಿ.ಮೀ. ಕೆಳಗಿನ ಸೇಂ-ಪೇರ್ ಹಳ್ಳಿಗೆ ನಡೆದೇ ಹೋಗಿ. ಇಳಿಜಾರು, ದಾರಿಯುದ್ದಕ್ಕೂ ಹೊಲ, ತೋಟ. ವಾಪಸ್ ಟ್ಯಾಕ್ಸಿಯನ್ನು ಅಲ್ಲಿಗೇ ಕರೆಸಿಕೊಂಡರೆ ಮತ್ತೆ ಬೆಟ್ಟ ಹತ್ತುವ ಶ್ರಮ ಉಳಿಯುತ್ತದೆ. ಪ್ಯಾರಿಸ್ ಕಡೆಯ ರೈಲುಗಳು ದಿನಕ್ಕೆ ಕೆಲವೇ, ಭಾನುವಾರ, ಹಬ್ಬದ ದಿನಗಳ ವೇಳಾಪಟ್ಟಿಯೂ ಬೇರೆ. ಹಿಂದಿನ ರಾತ್ರಿಯೇ ಇನ್ನೊಮ್ಮೆ ಸಮಯ ನೋಡಿ ಟ್ಯಾಕ್ಸಿಯವರಿಗೆ ತಿಳಿಸಿಡಿ.