ಗರ್ಭಕೋಶದ ಒಳಪದರದ ಕ್ಯಾನ್ಸರ್: ಗಡ್ಡೆಯ ಗುಂಪು ಗುರುತಿಸುವ ಕ್ರಮ

ಮೈಕ್ರೋಸ್ಕೋಪಿನಡಿ ಒಂದೇ ಥರ ಕಾಣುವ ಎರಡು ಗಡ್ಡೆಗಳಲ್ಲಿ ಒಂದು ಆಪರೇಷನ್ನಿಗೇ ವಾಸಿಯಾಗುತ್ತದೆ, ಇನ್ನೊಂದು ಮರುಕಳಿಸುತ್ತದೆ. ಈ ಕ್ಯಾನ್ಸರಿನಲ್ಲಿ ನಾಲ್ಕು ಆಣ್ವಿಕ ಗುಂಪುಗಳಿವೆ ಎಂದು 2013ರಲ್ಲಿ ಅಮೆರಿಕದ ಟಿಸಿಜಿಎ (ಕ್ಯಾನ್ಸರ್ ಜೀನೋಮ್ ಅಟ್ಲಾಸ್) ಅಧ್ಯಯನ ತೋರಿಸಿತು. ಅದನ್ನು ಮಾಮೂಲಿ ಪ್ಯಾಥಾಲಜಿ ಲ್ಯಾಬಿಗೆ ಒಗ್ಗಿಸಿದ್ದು ಕೆನಡಾದ ವ್ಯಾಂಕೂವರಿನ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ತಂಡ. ಸಾಕಾಗುವುದು ಮೂರೇ ಪರೀಕ್ಷೆ: ಡಿಎನ್‌ಎ ನಕಲು ಮಾಡುವ ಪೋಲ್ (POLE) ಜೀನ್, ನಕಲಿನ ತಪ್ಪು ತಿದ್ದುವ ಎಂಎಂಆರ್ (MMR) ಪ್ರೋಟೀನುಗಳು, ಗಡ್ಡೆ ಬೆಳೆಯದಂತೆ ತಡೆಯುವ ಪಿ53 ಪ್ರೋಟೀನ್.

ಎಷ್ಟೋ ತಪ್ಪುಗಳು ಆಪರೇಷನ್ ಥಿಯೇಟರಿನಲ್ಲೇ ಆಗಿಬಿಡುತ್ತವೆ. ಅಂಗ ಕೆಡದಂತೆ ಹಿಡಿದಿಡುವ ದ್ರಾವಣವಾದ ಫಾರ್ಮಲಿನ್ ಗಂಟೆಗೆ ಸುಮಾರು 1 ಮಿ.ಮೀ. ಮಾತ್ರ ಒಳಗಿಳಿಯುತ್ತದೆ. ಇಡೀ ಗರ್ಭಕೋಶವನ್ನು ಮುಚ್ಚಿದ ಹಾಗೇ ಡಬ್ಬಿಗೆ ಹಾಕಿದರೆ ಒಳಪದರ ಮೊದಲೇ ಕೊಳೆಯತೊಡಗುತ್ತದೆ. ಹೊರತೆಗೆದ ಒಂದು ಗಂಟೆಯೊಳಗೆ ಸೀಳಿ, ಒಳಪದರ ತೆರೆದು, ಅಂಗದ ಹತ್ತು ಪಟ್ಟು 10% ನ್ಯೂಟ್ರಲ್ ಬಫರ್ಡ್ ಫಾರ್ಮಲಿನ್‌ನಲ್ಲಿ ಮುಳುಗಿಸಿ. 6ರಿಂದ 72 ಗಂಟೆ ಸಾಕು. ಸಣ್ಣ ಬಯಾಪ್ಸಿ ತುಣುಕಿಗೆ ಫಾರ್ಮಲಿನ್ ಬೇಗ ಹಿಡಿಯುತ್ತದೆ. ಅದರ ಬ್ಲಾಕ್ (ಮೇಣದಲ್ಲಿ ಕೂರಿಸಿದ ತುಣುಕು) ಇದ್ದರೆ ಪರೀಕ್ಷೆಗಳನ್ನು ಅದರ ಮೇಲೇ ಮಾಡಿ.

ಪೋಲ್ ಬದಲಾವಣೆ ಸಾಮಾನ್ಯವಾಗಿ ಜೀನಿನ ಎರಡು ಪ್ರತಿಗಳಲ್ಲಿ ಒಂದರಲ್ಲಿ ಮಾತ್ರ ಇರುತ್ತದೆ. ತುಣುಕಿನಲ್ಲಿ ಗಡ್ಡೆಯ ಕೋಶ 30% ಇದ್ದರೆ ಸಂಕೇತ 15%ಕ್ಕೆ ಇಳಿಯುತ್ತದೆ. ಡಿಎನ್‌ಎ ಓದುವ ಹಳೆಯ ಸ್ಯಾಂಗರ್ ವಿಧಾನಕ್ಕೆ ಅದು ತಪ್ಪಿಹೋಗಬಹುದು. ಹಾಗಾಗಿ ಸ್ಲೈಡಿನ ಮೇಲೆ ಗಡ್ಡೆಯ ಜಾಗಕ್ಕೆ ಪೆನ್ನಿನಿಂದ ಗುರುತು ಹಾಕಿ, ಅಷ್ಟನ್ನೇ ಕೆರೆದು ಡಿಎನ್‌ಎ ತೆಗೆಯಿರಿ. ಪಿ286ಆರ್, ವಿ411ಎಲ್ ಹೆಚ್ಚಾಗಿ ಸಿಗುವ ಬದಲಾವಣೆಗಳು. ಪೋಲ್‌ನಲ್ಲಿ ಸಿಕ್ಕ ಎಲ್ಲ ಬದಲಾವಣೆಯೂ ರೋಗಕಾರಕವಲ್ಲ. ಎಕ್ಸೋನ್ಯೂಕ್ಲಿಯೇಸ್ (ನಕಲಿನ ತಪ್ಪು ಅಳಿಸುವ) ಭಾಗದ, ರೋಗಕಾರಕವೆಂದು ಸಾಬೀತಾದವನ್ನಷ್ಟೇ ಲೆಕ್ಕಕ್ಕೆ ಹಿಡಿಯಿರಿ.

ಎಂಎಂಆರ್‌ಗೆ ಎಂಎಲ್‌ಎಚ್1, ಪಿಎಂಎಸ್2, ಎಂಎಸ್‌ಎಚ್2, ಎಂಎಸ್‌ಎಚ್6 ಎಂಬ ನಾಲ್ಕು ಪ್ರೋಟೀನುಗಳಿಗೆ ಸ್ಟೇನ್ (ಬಣ್ಣ ಹಿಡಿಸುವ ಪರೀಕ್ಷೆ) ಮಾಡಿ. ಎಂಎಲ್‌ಎಚ್1 ಕಾಣೆಯಾಗಿದ್ದರೆ ಮೊದಲು ಅದರ ಪ್ರಮೋಟರ್ ಮೆಥಿಲೇಷನ್ (ಜೀನನ್ನು ಸುಮ್ಮನಾಗಿಸುವ ರಾಸಾಯನಿಕ ಗುರುತು) ನೋಡಿ. ಮೆಥಿಲೇಷನ್ ಇಲ್ಲದಿದ್ದರೆ ವಂಶಪಾರಂಪರ್ಯವಾಗಿ ಕ್ಯಾನ್ಸರ್ ಅಪಾಯ ತರುವ ಲಿಂಚ್ ಸಿಂಡ್ರೋಮ್ ಅನುಮಾನ. ಆಗ ರೋಗಿಯ ಜೊತೆಗೆ ಅಕ್ಕತಂಗಿಯರು, ಅಣ್ಣತಮ್ಮಂದಿರು, ಮಕ್ಕಳಿಗೂ ಜೆನೆಟಿಕ್ ಸಲಹೆ ಬೇಕು. ಇದನ್ನು ರಿಪೋರ್ಟಿನ ಮೂಲೆಯಲ್ಲಿ ಬರೆದು ಕೈತೊಳೆದುಕೊಳ್ಳಬೇಡಿ, ಡಾಕ್ಟರಿಗೆ ಫೋನ್ ಮಾಡಿ ಹೇಳಿ.

ಹೆಚ್ಚು ಮೋಸ ಹೋಗುವುದು ಪಿ53ನಲ್ಲಿ. ಕಡುಕಂದು, ತಿಳಿಗಂದು, ಬಣ್ಣವಿಲ್ಲದ ನ್ಯೂಕ್ಲಿಯಸ್‌ಗಳು ಬೆರೆತಿದ್ದರೆ ಸಹಜ. ಬಹುಪಾಲು ನ್ಯೂಕ್ಲಿಯಸ್ ಒಂದೇ ಸಮ ಗಾಢವಾಗಿದ್ದರೆ ಅಸಹಜ. ಗಡ್ಡೆಯಲ್ಲಿ ಬಣ್ಣವೇ ಇಲ್ಲದಿದ್ದರೂ ಅಸಹಜವೇ, ಆದರೆ ಪಕ್ಕದ ಸಹಜ ಸ್ಟ್ರೋಮಾ (ಆಧಾರ ಅಂಗಾಂಶದ) ಕೋಶ, ಲಿಂಫೋಸೈಟುಗಳಲ್ಲಿ (ಬಿಳಿ ರಕ್ತಕಣ) ತೆಳುಬಣ್ಣ ಕಂಡರೆ ಮಾತ್ರ. ಅಲ್ಲೂ ಖಾಲಿಯಿದ್ದರೆ ಸ್ಟೇನೇ ಕೆಟ್ಟಿದೆ, ಮತ್ತೆ ಮಾಡಿ. ಎಂಎಂಆರ್‌ಗೂ ಇದೇ ನಿಯಮ.

ಓದುವ ಕ್ರಮ ಪೋಲ್, ಎಂಎಂಆರ್, ಪಿ53, ಹಿಂದುಮುಂದಾಗಬಾರದು. ಪೋಲ್ ಗಡ್ಡೆಯಲ್ಲಿ ಪಿ53 ಆಮೇಲೆ ಕೆಡಬಹುದು, ಆದರೂ ಅದು ಪೋಲ್ ಗಡ್ಡೆಯ ಹಾಗೇ ನಡೆದುಕೊಳ್ಳುತ್ತದೆ, ಅಂದರೆ ಮರುಕಳಿಸುವುದು ಅಪರೂಪ. ಪಿ53 ಮಾತ್ರ ನೋಡಿ ಅದನ್ನು ಹೆಚ್ಚು ಅಪಾಯದ ಪಿ53 ಗುಂಪಿಗೆ ಸೇರಿಸಿದರೆ, ಆರಂಭದ ಹಂತದಲ್ಲಿ ಆಪರೇಷನ್ ಸಾಕಾಗಿದ್ದ ಹೆಂಗಸಿಗೆ ಕೀಮೋ, ರೇಡಿಯೇಷನ್ ಎರಡೂ ಬೀಳುತ್ತವೆ. ಮೂರರಲ್ಲೂ ಏನೂ ಸಿಗದ ಗಡ್ಡೆ ನಾಲ್ಕನೆಯ ಗುಂಪಿನದು. ಅದಕ್ಕೆ ಈಸ್ಟ್ರೋಜನ್ ರಿಸೆಪ್ಟರ್ ಸ್ಟೇನನ್ನೂ ಸೇರಿಸಿ.