ಸಣ್ಣ ಮಕ್ಕಳ ಪ್ರವಾಸ ಮತ್ತು ಸಂಜೆಯ ಬಳಗ: ನನ್ನ ಅನುಭವ

ಬಾಗಲಕೋಟೆ ಜಿಲ್ಲೆಯ ಹುನಗುಂದ ತಾಲೂಕಿನ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ನಾನು 11 ವರ್ಷಗಳಿಂದ ನಲಿಕಲಿ ಮಕ್ಕಳಿಗೆ, ಅಂದರೆ ಒಂದರಿಂದ ಮೂರನೆಯ ತರಗತಿಯವರಿಗೆ, ಪಾಠ ಮಾಡುತ್ತಿದ್ದೇನೆ. ಈ ವಯಸ್ಸಿನ ಮಕ್ಕಳನ್ನು ಶಾಲೆಯ ಹೊರಗೆ ಹೇಗೆ ಕರೆದೊಯ್ಯಬೇಕು, ಶಾಲೆ ಬಿಟ್ಟ ಮೇಲಿನ ಒಂದು ಗಂಟೆಯನ್ನು ಅವರೊಂದಿಗೆ ಹೇಗೆ ಕಳೆಯಬೇಕು ಎಂಬುದನ್ನು ನಾನು ತಪ್ಪು ಮಾಡಿಯೇ ಕಲಿತೆ. ಪ್ರವಾಸವೂ ಸಂಜೆಯ ಬಳಗವೂ ಬೇರೆ ಬೇರೆ ಎಂದು ತಿಳಿದಿದ್ದಷ್ಟು ಕಾಲ ಎರಡೂ ಸರಿಯಾಗಿ ನಡೆಯಲಿಲ್ಲ.

ಮೊದಲ ತಪ್ಪನ್ನು ಬಿಚ್ಚಿ ಹೇಳುವುದು ಒಳ್ಳೆಯದು. ಏಳು ವರ್ಷಗಳ ಹಿಂದೆ ಹಿರಿಯ ತರಗತಿಗಳ ಶೈಕ್ಷಣಿಕ ಪ್ರವಾಸದಲ್ಲಿ ಕೆಲವು ಸೀಟುಗಳು ಉಳಿದಿದ್ದವು ಎಂಬ ಕಾರಣಕ್ಕೆ ಎರಡನೆಯ ಮತ್ತು ಮೂರನೆಯ ತರಗತಿಯ 14 ಮಕ್ಕಳನ್ನೂ ಹತ್ತಿಸಿಕೊಂಡೆವು. ನಸುಕಿನ ಐದು ಗಂಟೆಗೆ ಹೊರಟು ಕೂಡಲಸಂಗಮ, ಐಹೊಳೆ, ಪಟ್ಟದಕಲ್ಲು, ಬಾದಾಮಿ ಎಲ್ಲವನ್ನೂ ಒಂದೇ ದಿನದಲ್ಲಿ ಮುಗಿಸುವ ಯೋಜನೆ ನಮ್ಮದಾಗಿತ್ತು. ಪಟ್ಟದಕಲ್ಲಿನಲ್ಲಿ ನಾನು ವಿರೂಪಾಕ್ಷ ಗುಡಿಯ ಮುಂದೆ ನಿಂತು, ಇದನ್ನು ರಾಣಿ ಲೋಕಮಹಾದೇವಿ ಕಟ್ಟಿಸಿದಳು, ಈ ಊರು 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು ಎಂದು ಗಂಟಲು ಹರಿಯುವ ಹಾಗೆ ಹೇಳುತ್ತಿದ್ದಾಗ ಸಣ್ಣ ಮಕ್ಕಳು ಹುಲ್ಲಿನ ಮೇಲೆ ಕುಳಿತು ಅಳಿಲನ್ನು ನೋಡುತ್ತಿದ್ದರು. ಇಬ್ಬರಿಗೆ ಬಸ್ಸಿನಲ್ಲಿ ವಾಂತಿಯಾಗಿ ಮೈಯಲ್ಲಿ ತ್ರಾಣವಿರಲಿಲ್ಲ.

ಅಲ್ಲಿಂದ ಹೊರಡುವಾಗ ತಲೆ ಎಣಿಸಿದೆವು, ಲೆಕ್ಕ ಸರಿಯಾಗಿತ್ತು. ಬಸ್ಸು ಹೊರಡುವಷ್ಟರಲ್ಲಿ ಹಿಂದಿನ ಸೀಟಿನಿಂದ ಒಬ್ಬ ಹುಡುಗ, "ಅಕ್ಕೋರ, ಈಕಿ ನಮ್ಮ ಸಾಲ್ಯಾಕಿ ಅಲ್ರೀ" ಎಂದ. ಅವನು ತೋರಿಸಿದ ಹುಡುಗಿ ಬೇರೆ ಊರಿನ ಶಾಲೆಯವಳು. ನಮ್ಮ ಎರಡನೆಯ ತರಗತಿಯ ಒಬ್ಬಳು ಅವರ ಸಾಲಿನಲ್ಲಿ ನಿಂತು ಅವರ ಬಸ್ಸಿನ ಬಾಗಿಲವರೆಗೆ ಹೋಗಿದ್ದಳು. ಸರ್ಕಾರಿ ಶಾಲೆಗಳ ಸಮವಸ್ತ್ರ ಎಲ್ಲ ಕಡೆಗೂ ಒಂದೇ ಆದ್ದರಿಂದ ಇಬ್ಬರು ಅದಲು ಬದಲಾದರೂ ನಮ್ಮ ಎಣಿಕೆ ತಪ್ಪಲಿಲ್ಲ. ಹತ್ತು ನಿಮಿಷದಲ್ಲಿ ಇಬ್ಬರೂ ತಮ್ಮ ತಮ್ಮವರನ್ನು ಸೇರಿದರು. ಆದರೆ ಆ ಹತ್ತು ನಿಮಿಷ ನನ್ನ ಎದೆ ಹೇಗೆ ಬಡಿದುಕೊಂಡಿತೆಂಬುದು ಇಂದಿಗೂ ನೆನಪಿದೆ. ಮರುದಿನ ನೋಡಿದ್ದನ್ನು ಚಿತ್ರ ಬರೆಯಿರಿ ಎಂದಾಗ ಹೆಚ್ಚಿನ ಮಕ್ಕಳು ಬರೆದದ್ದು ಬಸ್ಸನ್ನು. ಗುಡಿಯನ್ನು ಬರೆದ ಒಬ್ಬನೇ ಒಬ್ಬ ಹುಡುಗ, ಅದು ಯಾವ ಊರಿನದು ಎಂದು ಕೇಳಿದಾಗ, ನಮ್ಮೂರ ಹನುಮಪ್ಪನ ಗುಡಿ ಎಂದ.

ಅದಾದ ಮೇಲೆ ಎರಡು ವರ್ಷ ನಾನು ಪ್ರವಾಸದ ಮಾತನ್ನೇ ಎತ್ತಲಿಲ್ಲ. ಆ ನಡುವೆ ಸಂಜೆಯ ಬಳಗ ಶುರುವಾಯಿತು, ಅದೂ ಪ್ರವಾಸಕ್ಕಾಗಿ ಅಲ್ಲ. ನಮ್ಮ ಊರಿನಲ್ಲಿ ಕಳೆ ತೆಗೆಯುವ ಮತ್ತು ಸುಗ್ಗಿಯ ದಿನಗಳಲ್ಲಿ ತಾಯಂದಿರು ಹೊಲದಿಂದ ಮರಳುವಾಗ ಆರು ಗಂಟೆ ದಾಟುತ್ತದೆ. ಶಾಲೆ ಬಿಟ್ಟ ಸಣ್ಣ ಮಕ್ಕಳು ಬೀಗ ಹಾಕಿದ ಬಾಗಿಲ ಮುಂದಿನ ಕಟ್ಟೆಯ ಮೇಲೆ ಕುಳಿತಿರುವುದನ್ನು ನಾನು ಬಸ್ ನಿಲ್ದಾಣಕ್ಕೆ ಹೋಗುವಾಗ ದಿನವೂ ನೋಡುತ್ತಿದ್ದೆ. ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ, ಸಭೆಯಲ್ಲಿ ವಿಷಯವಿಟ್ಟು, ವಾರಕ್ಕೆ ಮೂರು ದಿನ, ಸೋಮವಾರ, ಮಂಗಳವಾರ ಮತ್ತು ಗುರುವಾರ, ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಕಾಲ ಮಕ್ಕಳನ್ನು ಉಳಿಸಿಕೊಳ್ಳಲು ಒಪ್ಪಿಗೆ ಪಡೆದೆ. ನನ್ನ ಜೊತೆಗೆ ಬಿಸಿಯೂಟದ ಅಡುಗೆಯವರಲ್ಲಿ ಒಬ್ಬರು ಮತ್ತು ಸರದಿಯ ಮೇಲೆ ಒಬ್ಬ ತಾಯಿ ಇರುತ್ತಾರೆ. ಒಬ್ಬಳೇ ಇದ್ದರೆ ಬಳಗವನ್ನು ನಡೆಸುವುದಿಲ್ಲ ಎಂಬ ನಿಯಮವನ್ನು ನಾನು ಒಂದು ದಿನವೂ ಮುರಿದಿಲ್ಲ, ಏಕೆಂದರೆ ಒಂದು ಮಗುವಿಗೆ ಗಾಯವಾದರೆ ಉಳಿದ 20 ಮಕ್ಕಳನ್ನು ಬಿಟ್ಟು ಓಡಬೇಕಾಗುತ್ತದೆ.

ಮೊದಲ ಎರಡು ತಿಂಗಳು ಅದು ಟ್ಯೂಷನ್ ಆಗಿಬಿಟ್ಟಿತು. ಪಾಲಕರು ಮಗ್ಗಿ ಹೇಳಿಕೊಡಿ, ಶುದ್ಧ ಬರಹ ಬರೆಸಿ ಎಂದರು, ನಾನೂ ಒಪ್ಪಿದೆ. ಆರು ಗಂಟೆಗಳ ಕಾಲ ಶಾಲೆಯಲ್ಲಿ ಕುಳಿತ ಆರು ವರ್ಷದ ಮಗು ಮತ್ತೊಂದು ಗಂಟೆ ಪೆನ್ಸಿಲ್ ಹಿಡಿಯಲಾರದು ಎಂಬುದು ಅವರ ಮುಖಗಳಲ್ಲೇ ಕಾಣುತ್ತಿತ್ತು. ಜೂನ್ ಕೊನೆಯಲ್ಲಿ, ಮಣ್ಣಿನ ಎತ್ತು ಮಾಡಿ ಪೂಜಿಸುವ ಮಣ್ಣೆತ್ತಿನ ಅಮಾವಾಸ್ಯೆ ಹತ್ತಿರ ಬಂದಾಗ ನಾನು ಸ್ಲೇಟು, ಪಾಟಿಚೀಲಗಳನ್ನೆಲ್ಲ ಒಳಗಿಡಿಸಿ, ಹಳ್ಳದ ದಂಡೆಯ ಕರಿಮಣ್ಣನ್ನು ಎರಡು ಪುಟ್ಟಿ ತರಿಸಿದೆ. ಅಂದಿನಿಂದ ಇಂದಿನವರೆಗೆ ಸಂಜೆಯ ಬಳಗದಲ್ಲಿ ಬರವಣಿಗೆಯಿಲ್ಲ. ಪಾಲಕರ ಒತ್ತಾಯ ಈಗಲೂ ಇದೆ, ನಾನು ಬಗ್ಗುವುದಿಲ್ಲ.

ಮಣ್ಣು ಹದ ಮಾಡುವುದನ್ನು ಮಕ್ಕಳೇ ನನಗೆ ಕಲಿಸಿದರು. ಕಲ್ಲು, ಬೇರು ಆರಿಸಿ, ನೀರು ಹಾಕಿ ತುಳಿದು, ಒಣಗಿದಾಗ ಬಿರುಕು ಬಿಡದಿರಲಿ ಎಂದು ಸ್ವಲ್ಪ ಹಳೆಯ ಹತ್ತಿ ಸೇರಿಸಬೇಕೆಂದು ಒಬ್ಬ ಹುಡುಗಿ ತನ್ನ ಅಜ್ಜಿಯಿಂದ ಕೇಳಿ ಬಂದು ಹೇಳಿದಳು. ಅಮಾವಾಸ್ಯೆ ಕಳೆದ ಮೇಲೆ ಆಷಾಢದ ಮಂಗಳವಾರಗಳಲ್ಲಿ ಪೂಜೆಯ ಮಣ್ಣಿನ ಗೊಂಬೆಯಾದ ಗುಳ್ಳವ್ವನನ್ನು ಮಾಡಿದೆವು. ಗುಳ್ಳವ್ವನ ಕಣ್ಣಿಗೂ ಒಡವೆಗೂ ಗುಲಗಂಜಿ ಅಂಟಿಸುವುದು ನಮ್ಮ ಕಡೆಯ ವಾಡಿಕೆ. ಆದರೆ ಗುಲಗಂಜಿಯ ಬೀಜ ಜಗಿದು ನುಂಗಿದರೆ ಜೀವಕ್ಕೇ ಅಪಾಯವಾಗುವಷ್ಟು ವಿಷಕಾರಿಯಾದದ್ದು. ಕೈಗೆ ಸಿಕ್ಕಿದ್ದನ್ನು ಬಾಯಿಗೆ ಹಾಕುವ ಮಕ್ಕಳ ನಡುವೆ ಅದನ್ನು ತರಲೇಕೂಡದೆಂದು ತಾಯಂದಿರಿಗೆ ತಿಳಿಸಿ ಹೇಳಿ, ಅದರ ಬದಲಿಗೆ ಬಿಳಿಜೋಳ ಮತ್ತು ಕುಸುಬಿ ಕಾಳುಗಳನ್ನು ಕೊಟ್ಟೆ. ಸಣ್ಣ ಮಕ್ಕಳ ಬಳಗ ನಡೆಸುವವರು ಈ ಒಂದು ಮಾತನ್ನು ಮರೆಯಬಾರದೆಂದು ನನ್ನ ಕಳಕಳಿಯ ವಿನಂತಿ.

ಬಳಗದಿಂದ ಮೊದಲು ಹೊರಗೆ ಹೋದದ್ದು ಅದೇ ಊರಿನ ಇನ್ನೊಂದು ಓಣಿಗೆ. ಇಳಕಲ್ ಸೀರೆ ನೇಯುವ ಒಂದೆರಡು ಕುಣಿಮಗ್ಗಗಳು ನಮ್ಮ ಊರಿನಲ್ಲಿ ಇನ್ನೂ ಉಳಿದಿವೆ. ಮಗ್ಗದ ಸದ್ದನ್ನು ಮಕ್ಕಳು ಹುಟ್ಟಿದಾಗಿನಿಂದ ಕೇಳಿದ್ದರೂ ನೇಕಾರರ ಕಾಲು ಕುಣಿಯೊಳಗೆ ಏನು ಮಾಡುತ್ತದೆಂದು ಬಗ್ಗಿ ನೋಡಿದವರು ಕಡಿಮೆ. ನಾವು ಆರಾರು ಮಕ್ಕಳಂತೆ ನಾಲ್ಕು ಸಂಜೆ ಹೋದೆವು, ಏಕೆಂದರೆ ಆ ಕೋಣೆಯಲ್ಲಿ ಅದಕ್ಕಿಂತ ಹೆಚ್ಚು ಜನ ನಿಂತರೆ ಬೆಳಕು ಮುಚ್ಚುತ್ತದೆ. ಸೀರೆಯ ಮೈಯ ಹಾಸಿನ (ಉದ್ದನೆಯ) ಎಳೆಗಳಿಗೆ ಸೆರಗಿನ ಹಾಸಿನ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಜೋಡಿಸುವುದನ್ನು ಅಜ್ಜ ನಿಧಾನವಾಗಿ ತೋರಿಸಿದರು. ಇಳಕಲ್ ಸೀರೆಯ ವಿಶೇಷವಿರುವುದೇ ಆ ಕೊಂಡಿಯಲ್ಲಿ. ಮೂರನೆಯ ತರಗತಿಯ ಒಬ್ಬಳು, "ಅಜ್ಜಾ, ಒಂದ್ ಕೊಂಡಿ ತಪ್ಪಿದ್ರ?" ಎಂದು ಕೇಳಿದಳು. "ಬಿಚ್ಚಬೇಕವ್ವಾ, ಮತ್ತ ಹಾಕಬೇಕು" ಎಂದರು ಅವರು. ಮುಂದಿನ ಗುರುವಾರ ಬಳಗದಲ್ಲಿ ಆ ಹುಡುಗಿ ಎರಡು ಬಣ್ಣದ ದಾರಗಳ ಕುಣಿಕೆಗಳನ್ನು ಒಂದರೊಳಗೊಂದು ತೂರಿಸಿ ಎಳೆದು ತೋರಿಸಿದಳು. ಪ್ರವಾಸ ಹೀಗಿರಬೇಕು ಎಂದು ನನಗೆ ಖಚಿತವಾದದ್ದು ಆ ಸಂಜೆ: ಒಂದೇ ಜಾಗ, ನೋಡಲು ಒಂದೇ ವಸ್ತು, ಮರಳಿ ಬಂದು ಕೈಯಿಂದ ಮಾಡಲು ಒಂದು ಕೆಲಸ.

ಆ ಧೈರ್ಯದ ಮೇಲೆ ಡಿಸೆಂಬರಿನಲ್ಲಿ ಐಹೊಳೆಗೆ ಹೋಗುವ ತೀರ್ಮಾನ ಮಾಡಿದೆ. ಐಹೊಳೆಯಲ್ಲಿ 100ಕ್ಕೂ ಹೆಚ್ಚು ಗುಡಿಗಳಿವೆ. ನಾವು ನೋಡಬೇಕೆಂದದ್ದು ಲಾಡಖಾನ ಗುಡಿಯೊಂದನ್ನೇ. ಮೇಗುತಿಯ ಗುಡ್ಡದ ಮೇಲೆ ರವಿಕೀರ್ತಿಯು 634ರಲ್ಲಿ ಬರೆಸಿದ, ಇಮ್ಮಡಿ ಪುಲಕೇಶಿಯನ್ನು ಹೊಗಳುವ ಶಾಸನವಿದೆ. ಅದನ್ನು ಬಿಟ್ಟು ಬರಲು ನನಗೆ ನೋವಾಗದೇ ಇರಲಿಲ್ಲ. ಆದರೆ ಏಳು ವರ್ಷದ ಮಗುವಿಗೆ ಸಂಸ್ಕೃತದ ಶಾಸನ ಕಾಯಬಹುದು, ಮೆಟ್ಟಿಲು ಹತ್ತಿ ದಣಿದ ಕಾಲು ಕಾಯುವುದಿಲ್ಲ. ಬಾದಾಮಿಯನ್ನು ಬಿಟ್ಟದ್ದಕ್ಕೂ ಇಂಥದೇ ಕಾರಣ: ಗುಹೆಗಳ ಮೆಟ್ಟಿಲಿನ ಮೇಲೆ ಕೈಯಲ್ಲಿನ ತಿಂಡಿಯ ಚೀಲಕ್ಕೆ ಬಾಯಿ ಹಾಕುವ ಮಂಗಗಳಿವೆ, ಕೆಳಗೆ ಅಗಸ್ತ್ಯ ತೀರ್ಥದ ನೀರಿದೆ. ಆರನೆಯ ತರಗತಿಯವರಿಗೆ ಅದು ಸರಿಯಾದ ಜಾಗ.

ಲಾಡಖಾನವನ್ನು ಆರಿಸಿದ್ದು ಅದರ ನಡುವಿನ ನಂದಿಗಾಗಿ ಮತ್ತು ಮಾಳಿಗೆಗಾಗಿ. ಒಂದು ತಿಂಗಳ ಮೊದಲೇ ಬಳಗದಲ್ಲಿ ಮತ್ತೆ ಮಣ್ಣೆತ್ತು ಮಾಡಿಸಿ ಮರದ ಹಲಗೆಯ ಮೇಲೆ ಸಾಲಾಗಿ ಇಟ್ಟೆ. "ಕಲ್ಲಿನ ಎತ್ತು ನೋಡಾಕ ಹೊಂಟೀವಿ, ನಮ್ಮ ಎತ್ತಿಗೂ ಅದಕ್ಕೂ ಏನು ಫರಕ್ ಐತಿ ಅಂತ ಹುಡುಕ್ರಿ" ಎಂಬ ಒಂದೇ ಪ್ರಶ್ನೆಯನ್ನು ಕೊಟ್ಟೆ.

ಕಾಗದಪತ್ರದ ಕೆಲಸವನ್ನು ನವೆಂಬರ್ ಆರಂಭದಲ್ಲೇ ಮುಗಿಸಿದೆ. ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯ ಅನುಮತಿ ಬರುವವರೆಗೆ ದಿನಾಂಕವನ್ನು ಮಕ್ಕಳಿಗೆ ಹೇಳಲಿಲ್ಲ. ಪಾಲಕರ ಒಪ್ಪಿಗೆ ಪತ್ರವನ್ನು ಮಕ್ಕಳ ಕೈಯಲ್ಲಿ ಕಳಿಸಿ ಹೆಬ್ಬೆಟ್ಟು ಒತ್ತಿಸಿ ತರಿಸುವುದು ನನಗೆ ಸರಿ ಕಾಣಲಿಲ್ಲ. ಮೂರು ಸಂಜೆ ಮನೆಮನೆಗೆ ಹೋಗಿ ಓದಿ ಹೇಳಿದೆ. ಹಾಗೆ ಹೋದುದರಿಂದಲೇ ಒಬ್ಬನಿಗೆ ಫಿಟ್ಸ್ ಬರುತ್ತದೆಂದೂ, ಒಬ್ಬಳು ರಾತ್ರಿಯಲ್ಲಷ್ಟೇ ಅಲ್ಲ, ಹೆದರಿದಾಗ ಹಗಲಿನಲ್ಲೂ ಚಡ್ಡಿ ಒದ್ದೆ ಮಾಡಿಕೊಳ್ಳುತ್ತಾಳೆಂದೂ ತಿಳಿಯಿತು. ಇಂಥದ್ದನ್ನು ಯಾವ ತಾಯಿಯೂ ಪತ್ರದಲ್ಲಿ ಬರೆಯುವುದಿಲ್ಲ. ಮೊದಲನೆಯವನ ತಾಯಿಯನ್ನು ಔಷಧದ ಸಮೇತ ಜೊತೆಗೆ ಕರೆದುಕೊಂಡೆ. ಎರಡನೆಯವಳಿಗಾಗಿ ನನ್ನ ಚೀಲದಲ್ಲಿ ಯಾರಿಗೂ ಕಾಣದಂತೆ ಒಂದು ಜೊತೆ ಬಟ್ಟೆ ಇಟ್ಟುಕೊಂಡೆ. ಖರ್ಚು ಕಡಿಮೆಯಾಗುತ್ತದೆಂದು ಎರಡು ಕ್ರೂಸರ್ ಮಾಡಿಕೊಳ್ಳುವ ಸಲಹೆ ಬಂತು. ಹತ್ತು ಜನರ ಗಾಡಿಯಲ್ಲಿ ಹದಿನೈದು ಮಕ್ಕಳನ್ನು ತುಂಬುವುದಕ್ಕೆ ನಾನು ಸಹಿ ಹಾಕುವುದಿಲ್ಲವೆಂದು ಸ್ಪಷ್ಟವಾಗಿ ಹೇಳಿ, ವಾಯವ್ಯ ಸಾರಿಗೆಯ ಬಸ್ಸನ್ನೇ ಒಪ್ಪಂದದ ಮೇಲೆ ಪಡೆದೆವು. ಭಾರತೀಯ ಪುರಾತತ್ವ ಇಲಾಖೆಯ ತಾಣಗಳಲ್ಲಿ 15 ವರ್ಷದೊಳಗಿನವರಿಗೆ ಟಿಕೆಟ್ ಇಲ್ಲದ್ದರಿಂದ ಪ್ರವೇಶದ ಖರ್ಚು ದೊಡ್ಡವರದ್ದಷ್ಟೇ.

ಮಕ್ಕಳು 26, ದೊಡ್ಡವರು ಆರು ಜನ. ನಲಿಕಲಿಯಲ್ಲಿ ತಟ್ಟೆಗಳ, ಅಂದರೆ ಕಲಿಕೆಯ ಗುಂಪುಗಳ, ಪ್ರಕಾರ ಕೂರುವಂತೆ ಇಲ್ಲಿಯೂ ಐದು ಗುಂಪು ಮಾಡಿ, ಪ್ರತಿ ಗುಂಪಿಗೂ ಒಬ್ಬ ತಾಯಿಯನ್ನು ಕೊಟ್ಟು, ನಾನು ಯಾವ ಗುಂಪಿಗೂ ಸೇರದೆ ಉಳಿದೆ. ಪ್ರತಿ ಮಗುವಿನ ಭುಜಕ್ಕೆ ಗುಳೇದಗುಡ್ಡ ಖಣದ (ಕುಪ್ಪಸದ ಬಟ್ಟೆಯ) ಒಂದು ಚೂರನ್ನು ಪಿನ್ನಿನಿಂದ ಚುಚ್ಚಿ, ಕಿಸೆಯಲ್ಲಿ ನನ್ನ ಫೋನ್ ನಂಬರಿನ ಚೀಟಿ ಇಟ್ಟೆ. ತಲೆ ಎಣಿಸುವುದನ್ನು ನಾನು ಕೈಬಿಟ್ಟಿದ್ದೇನೆ. ಬದಲಿಗೆ ಪ್ರತಿ ಮಗುವಿಗೂ ಒಂದು ಜೋಡಿ ಇರುತ್ತದೆ, ಬಸ್ಸು ಹತ್ತುವ ಪ್ರತಿ ಸಲವೂ ಮಗು ತನ್ನ ಜೋಡಿಯ ಹೆಸರನ್ನು ಗಟ್ಟಿಯಾಗಿ ಹೇಳಿ ಅವರ ಕೈ ಮೇಲೆತ್ತಬೇಕು. ದಾರಿ ತಪ್ಪಿದ ಮಗುವನ್ನು ಮೇಷ್ಟರಿಗಿಂತ ಮೊದಲು ಜೋಡಿಯೇ ಗುರುತಿಸುತ್ತದೆ. ಇದನ್ನು ಎರಡು ವಾರ ಸಂಜೆಯ ಬಳಗದಲ್ಲಿ ಆಟವಾಗಿ ಆಡಿಸಿದ್ದೆ.

ಬೆಳಿಗ್ಗೆ ಎಂಟಕ್ಕೆ ಹೊರಟು ಮುಕ್ಕಾಲು ಗಂಟೆಯಲ್ಲಿ ಐಹೊಳೆ ತಲುಪಿದೆವು. ಕೈಯನ್ನು ಹಿಂದೆ ಕಟ್ಟಿಕೊಂಡು ನೋಡಬೇಕೆಂಬ ರೂಢಿಯನ್ನೂ ಮೊದಲೇ ಮಾಡಿಸಿದ್ದರಿಂದ ಯಾರೂ ಕಂಬಗಳನ್ನು ಮುಟ್ಟಲಿಲ್ಲ. ನಂದಿಯ ಸುತ್ತ ಕುಳಿತು ಹತ್ತು ನಿಮಿಷ ಸುಮ್ಮನಿದ್ದರು. ನಾನೂ ಬಾಯಿ ಬಿಡಲಿಲ್ಲ. ಅದು ನನಗೆ ಎಲ್ಲಕ್ಕಿಂತ ಕಷ್ಟದ ಕೆಲಸವಾಗಿತ್ತು. ಆಮೇಲೆ ಕಿಲಾರಿ ಎತ್ತುಗಳಿರುವ ಮನೆಯ ಒಬ್ಬ ಹುಡುಗ ಹೇಳಿದ: "ಅಕ್ಕೋರ, ನಮ್ಮ ಎತ್ತೆಲ್ಲಾ ನಿಂತಾವ್ರಿ, ಇದು ಮಲಗೈತಿ." ಇನ್ನೊಬ್ಬಳು, ಎದ್ದರೆ ಯಾವ ಕಾಲು ಮೊದಲು ಎತ್ತುತ್ತದೆ ಎಂದಳು. ಹಿಂದಿನ ಕಾಲೋ ಮುಂದಿನ ಕಾಲೋ ಎಂದು ವಾದ ಶುರುವಾಗಿ, ದನ ಕಟ್ಟಿದ ಮನೆಯವರೆಲ್ಲ ಹಿಂದಿನ ಕಾಲು ಎಂದು ಗೆದ್ದರು. ಅದು ನಿಜವೂ ಹೌದು: ದನಗಳು ಹಿಂಭಾಗವನ್ನು ಮೊದಲು ಎತ್ತಿ ಏಳುತ್ತವೆ.

ಹೊರಗೆ ಬಂದು ದೂರ ನಿಂತು ಮಾಳಿಗೆಯನ್ನು ನೋಡಿದೆವು. ಚಾವಣಿಯ ಹಾಸುಗಲ್ಲುಗಳು ಕೂಡುವ ಸಂದುಗಳ ಮೇಲೆ ಮರದ ತೊಲೆಯ ಹಾಗೆ ಕಾಣುವ ಉದ್ದನೆಯ ಕಲ್ಲುಗಳನ್ನು ಹೊದಿಸಿದ್ದಾರೆ. ಯಾಕಿರಬಹುದು ಎಂದು ಕೇಳಿದಾಗ, ಮೇಲ್ಮುದ್ದೆಯ, ಅಂದರೆ ಮಣ್ಣಿನ ಚಾವಣಿಯ, ಮನೆಯಲ್ಲಿ ಮಳೆಗಾಲ ಕಳೆದ ಒಂದನೆಯ ತರಗತಿಯ ಮಗು, "ಸೋರಬಾರ್ದಂತ್ರೀ" ಎಂದಿತು. ನಾನು ಹೇಳಿಕೊಡಬೇಕಾದದ್ದು ಏನೂ ಉಳಿದಿರಲಿಲ್ಲ. ಹತ್ತೂವರೆಗೆ ಶೇಂಗಾ ಉಂಡಿ, ಬಾಳೆಹಣ್ಣು ತಿಂದು ಹೊರಟು, ಬಿಸಿಯೂಟದ ಹೊತ್ತಿಗೆ ಶಾಲೆಯಲ್ಲಿದ್ದೆವು. ದಾರಿಯ ಊಟದ ತೊಂದರೆಯೂ ಮಧ್ಯಾಹ್ನದ ಬಿಸಿಲೂ ಇದರಿಂದ ತಪ್ಪಿದವು.

ಮುಂದಿನ ಸೋಮವಾರ ಸಂಜೆ ಮಣ್ಣು ಕೊಟ್ಟಾಗ 26 ಮಕ್ಕಳಲ್ಲಿ 19 ಮಂದಿ ಮಲಗಿದ ಎತ್ತನ್ನು ಮಾಡಿದರು. ಕಾಲನ್ನು ಮೈಯ ಕೆಳಗೆ ಮಡಿಸುವುದು ಮಣ್ಣಿನಲ್ಲಿ ಸುಲಭವಲ್ಲ. ಮೊದಲು ಮಾಡಿದವು ಒಂದು ಕಡೆಗೆ ವಾಲಿದವು, ಹೊಟ್ಟೆಯ ಕೆಳಗಿನ ಮಣ್ಣು ಒಡೆಯಿತು. ಜ್ವರದಿಂದ ಬರಲಾಗದಿದ್ದ ಒಬ್ಬ ಹುಡುಗನನ್ನು ಕೂರಿಸಿಕೊಂಡು ಅವನ ಜೋಡಿ, ಕಲ್ಲಿನ ನಂದಿಯ ಕಾಲು ಎಲ್ಲಿಗೆ ಬಾಗಿತ್ತೆಂದು ತಾನೇ ನೆಲದ ಮೇಲೆ ಮಂಡಿಯೂರಿ ಮಲಗಿ ತೋರಿಸಿದ. ಆ ಎರಡು ಎತ್ತುಗಳು ಇಂದಿಗೂ ನನ್ನ ಕಪಾಟಿನ ಮೇಲಿನ ಹಲಗೆಯಲ್ಲಿವೆ. ಜ್ವರ ಬಂದಿದ್ದವನು ಮಾಡಿದ ಎತ್ತಿನ ಇಣಿ (ಹೆಗಲ ಮೇಲಿನ ಡುಬ್ಬ) ಮಾತ್ರ ಕಳೆದ ಮಳೆಗಾಲದಲ್ಲಿ ಉದುರಿಬಿದ್ದಿದೆ.