ತಾಯಿಯ ದನಿ ಕೇಳುವಷ್ಟು ದೂರದಲ್ಲಿ

ಕೋಳಿ ತುಳಿದು ಪಿಳ್ಳೆ ಸಾಯುವುದಿಲ್ಲ ಎಂಬ ಮಾತನ್ನು ನಾನೂ ಎಷ್ಟೋ ಸಲ ಆಡಿದ್ದೇನೆ, ಮೊಮ್ಮಕ್ಕಳನ್ನು ಗದರಿ ಸೊಸೆಯ ಮುಖ ಸಪ್ಪಗಾದಾಗಲೆಲ್ಲ. ಆದರೆ ಕೋಳಿ ಸಾಕಿದವರಿಗೆ ಗೊತ್ತು, ಸಾಯದಿದ್ದರೂ ಕುಂಟುವುದಂತೂ ಉಂಟು. ಹೋದ ಮಳೆಗಾಲದಲ್ಲಿ ನಮ್ಮ ಕಪ್ಪು ಹೇಂಟೆ 11 ಪಿಳ್ಳೆಗಳನ್ನು ಕಟ್ಟಿಕೊಂಡು ಕೊಟ್ಟಿಗೆಯಲ್ಲಿ ಕೆದಕುತ್ತಿತ್ತು. ಬೀದಿನಾಯಿಯೊಂದು ಒಳಗೆ ನುಗ್ಗಿದ್ದೇ ತಡ, ರೆಕ್ಕೆ ಕೆದರಿ ಅದರ ಮುಖಕ್ಕೇ ಎಗರಿತು. ನಾಯಿ ಓಡಿತು. ಹೇಂಟೆಯ ಕಾಲಡಿಗೆ ಸಿಕ್ಕ ಒಂದು ಪಿಳ್ಳೆ ಮಾತ್ರ ಎದ್ದು ನಿಲ್ಲಲಿಲ್ಲ.

ಅದರ ಆರೈಕೆ ಹೇಳುವ ಮೊದಲು ಕೋಳಿಯನ್ನು ಕಾವಿಗೆ ಕೂರಿಸುವ ಬುಟ್ಟಿ, ಅಂದರೆ ಮಂಕರಿಯ ವಿಷಯ ಹೇಳಿಬಿಡಬೇಕು, ಏಕೆಂದರೆ ಕಾಲಿನ ತೊಂದರೆ ಎಷ್ಟೋ ಸಲ ಶುರುವಾಗುವುದು ಅಲ್ಲೇ. ಕಾವಿಗೆ ಕೂರಿಸುವಾಗ ತಳಕ್ಕೆ ಹಳೆಯ ಪೇಪರು, ಪ್ಲಾಸ್ಟಿಕ್ ಚೀಲ ಹಾಸುವವರಿದ್ದಾರೆ. ಆಗ ತಾನೇ ಹುಟ್ಟಿದ ಮರಿಗೆ ಅದರ ಮೇಲೆ ಹಿಡಿತ ಸಿಗುವುದಿಲ್ಲ. ಕಾಲುಗಳು ಆಚೀಚೆ ಜಾರಿ ಕಪ್ಪೆಯ ಹಾಗೆ ಅಗಲವಾಗಿಬಿಡುತ್ತವೆ. ಒಣ ಮರಳು ಹಾಕಿ ಮೇಲೆ ಭತ್ತದ ಹುಲ್ಲು ಹಾಸಿ. ನಾಟಿ ಕೋಳಿಗೆ 10–12 ಮೊಟ್ಟೆ ಸಾಕು, ಆಸೆಪಟ್ಟು ಹೆಚ್ಚಿಟ್ಟರೆ ಅಂಚಿನವು ತಣ್ಣಗಾಗುತ್ತವೆ. ವಾರಕ್ಕಿಂತ ಹಳೆಯ ಮೊಟ್ಟೆ ಬೇಡ, ತೊಳೆದ ಮೊಟ್ಟೆಯೂ ಬೇಡ. ಏಳನೆಯ ದಿನ ರಾತ್ರಿ ಮೊಬೈಲ್ ಟಾರ್ಚಿನ ಮೇಲೆ ಹಿಡಿದು ನೋಡಿ, ಕೆಂಪು ನರ ಕಾಣದ ಬರಿಯ ಮೊಟ್ಟೆಯನ್ನು ತೆಗೆದುಬಿಡಿ. ಗುಡುಗಿಗೆ ಮೊಟ್ಟೆ ಕೆಡುತ್ತದೆಂದು ನಮ್ಮತ್ತೆ ಮಂಕರಿಯಲ್ಲಿ ಕಬ್ಬಿಣದ ತುಂಡೊಂದನ್ನು ಇಡುತ್ತಿದ್ದರು. ಮಗ ನಗುತ್ತಾನೆ; ನಾನು ಇಂದಿಗೂ ಇಡುತ್ತೇನೆ.

21ನೆಯ ದಿನದ ಹೊತ್ತಿಗೆ ಚಿಪ್ಪು ಒಡೆಯತೊಡಗಿದರೆ ಸುಮ್ಮನೆ ದೂರ ನಿಲ್ಲಿ. ಮರಿ ಹೊರಬರಲು ಒದ್ದಾಡುತ್ತಿದೆಯೆಂದು ಉಗುರಿನಿಂದ ಚಿಪ್ಪು ಬಿಡಿಸಿದರೆ ರಕ್ತ ಒಸರುತ್ತದೆ. ಹುಟ್ಟಿದ ಕೂಡಲೇ ಕಾಳು ಹಾಕಲೂ ಅವಸರ ಬೇಡ, ಹೊಟ್ಟೆಯೊಳಗೆ ಸೇರಿಕೊಂಡ ಹಳದಿ ಭಾಗದ ಬಲದಲ್ಲೇ ಎರಡು ದಿನ ತಡೆಯುತ್ತವೆ. ಆಮೇಲೆ ಅಕ್ಕಿ ನುಚ್ಚು, ರಾಗಿ, ಸಿಕ್ಕರೆ ಗೆದ್ದಲು. ನೀರಿನ ತಟ್ಟೆಯಲ್ಲಿ ನಾಲ್ಕು ಬೆಣಚುಕಲ್ಲು ಹಾಕಿಡಿ, ಇಲ್ಲದಿದ್ದರೆ ಬಿದ್ದು ನೆನೆಯುತ್ತವೆ, ನೆನೆದ ಪಿಳ್ಳೆ ಉಳಿಯುವುದು ಕಷ್ಟ. ತಿನ್ನಿಸುವ ಪಾಠವನ್ನು ತಾಯಿಗೇ ಬಿಡಿ. ಅದು ಕಾಳೊಂದನ್ನು ಕೊಕ್ಕಿನಲ್ಲಿ ಎತ್ತುತ್ತದೆ, ಬೀಳಿಸುತ್ತದೆ, ಮತ್ತೆ ಎತ್ತುತ್ತದೆ, ಕೊಕ್ ಕೊಕ್ ಎಂದು ಕರೆಯುತ್ತದೆ. ತಾನು ಮಾತ್ರ ನುಂಗುವುದಿಲ್ಲ. 21 ದಿನ ಅರೆಹೊಟ್ಟೆಯಲ್ಲಿ ಕೂತಿದ್ದ ಜೀವ ಅದು. ಅದಕ್ಕೆ ಬೇರೆಯಾಗಿ ಒಂದು ಹಿಡಿ ಜೋಳ ಹಾಕಿ.

ಐದರಿಂದ ಏಳು ದಿನದೊಳಗೆ ಕೊಕ್ಕರೆ ರೋಗದ (ರಾಣಿಖೇತ್ ಎನ್ನುವ, ಕೋಳಿಗಳಿಗೆ ಹರಡುವ ರೋಗ) ಲಸಿಕೆಯನ್ನು ಕಣ್ಣಿಗೋ ಮೂಗಿಗೋ ಹನಿ ಬಿಡಿಸಬೇಕು. ಒಂದು ಸೀಸೆ ನೂರಾರು ಮರಿಗಳಿಗೆ ಆಗುವಷ್ಟಿರುತ್ತದೆ, ಕಲಸಿದ ಮೇಲೆ ಇಟ್ಟುಕೊಳ್ಳುವ ಹಾಗಿಲ್ಲ. ಹಾಗಾಗಿ ನಾವು ಕೇರಿಯ ನಾಲ್ಕು ಮನೆಯವರು ಒಂದೇ ದಿನ ಹಾಕಿಸುತ್ತೇವೆ.

ಈಗ ಪೆಟ್ಟಾದ ಪಿಳ್ಳೆಗೆ ಬನ್ನಿ. ರಕ್ತ ಕಂಡರೆ ಮೊದಲು ಅದನ್ನು ಗುಂಪಿನಿಂದ ಎತ್ತಿಕೊಳ್ಳಿ. ಕೆಂಪು ಕಂಡಲ್ಲಿ ಒಡಹುಟ್ಟಿದವೇ ಕುಕ್ಕುತ್ತವೆ, ಅವುಗಳಿಗೆ ಅದು ಅಣ್ಣನೂ ಅಲ್ಲ, ತಂಗಿಯೂ ಅಲ್ಲ. ಕಾಯಿಸಿ ಆರಿಸಿದ ಉಪ್ಪುನೀರಿನಲ್ಲಿ ಗಾಯ ಒರೆಸಿ ಅರಿಸಿನ ಒತ್ತಿ. ಎಣ್ಣೆಯಲ್ಲಿ ಕಲಸಿ ಮೈಗೆಲ್ಲ ಬಳಿಯುವುದನ್ನು ನಾನು ಒಪ್ಪುವುದಿಲ್ಲ. ಎಳೆಯ ತುಪ್ಪಳ ಎಣ್ಣೆಗೆ ಅಂಟಿಕೊಂಡರೆ ಬೆಚ್ಚಗೆ ಉಳಿಯುವುದಿಲ್ಲ, ಗಾಯಕ್ಕಿಂತ ಮೊದಲು ಚಳಿಯೇ ಕೊಲ್ಲುತ್ತದೆ.

ಕಾಲು ಮುರಿದಿದ್ದರೆ ಅಂಗೈಯಲ್ಲಿ ಅಂಗಾತ ಮಲಗಿಸಿ, ಒಬ್ಬರು ಹಿಡಿದುಕೊಂಡರೆ ಇನ್ನೊಬ್ಬರು ಕಟ್ಟಬೇಕು. ತೆಂಗಿನ ಗರಿಯ ಕಡ್ಡಿಯನ್ನು ಬೆರಳಿನ ಅರ್ಧದಷ್ಟು ಉದ್ದಕ್ಕೆ ಎರಡು ತುಂಡು ಮಾಡಿ, ತುದಿ ಚುಚ್ಚದ ಹಾಗೆ ಹತ್ತಿ ಸುತ್ತಿ, ಕಾಲಿನ ಎರಡೂ ಬದಿಗಿಟ್ಟು ಹಳೆಯ ಪಂಚೆಯ ಸಣ್ಣ ಪಟ್ಟಿಯಿಂದ ಸುತ್ತುತ್ತೇನೆ. ಬಿಗಿಯಾಯಿತೋ ಇಲ್ಲವೋ ಎಂದು ಬೆರಳುಗಳೇ ಹೇಳುತ್ತವೆ. ಗಂಟೆಯ ಮೇಲೆ ಅವು ತಣ್ಣಗಾಗಿದ್ದರೆ, ಊದಿದ್ದರೆ, ಬಿಚ್ಚಿ ಮತ್ತೆ ಕಟ್ಟಿ. ಎಳೆಯ ಮೂಳೆ ಬೇಗ ಕೂಡುತ್ತದೆ, ಎರಡು ಮೂರು ವಾರ ಸಾಕು. ಮೂಳೆ ಚರ್ಮ ಹರಿದು ಹೊರಗೆ ಬಂದಿದ್ದರೆ ಮಾತ್ರ ಮನೆಯ ಕೈಚಳಕ ಬೇಡ, ಪಶುವೈದ್ಯರ ಬಳಿ ಒಯ್ಯಿರಿ. ನೀರನ್ನು ಬಾಯಿಗೆ ಸುರಿಯಬೇಡಿ, ಶ್ವಾಸಕ್ಕೆ ಹೋಗುತ್ತದೆ. ಚೂರು ಬೆಲ್ಲ ಕರಗಿಸಿದ ನೀರನ್ನು ಬೆರಳ ತುದಿಯಲ್ಲಿ ಕೊಕ್ಕಿನ ಅಂಚಿಗೆ ಮುಟ್ಟಿಸಿದರೆ ತಾನೇ ಎಳೆದುಕೊಳ್ಳುತ್ತದೆ.

ಎಲ್ಲರೂ ಎಡವುವುದು ಇದರ ನಂತರ. ಪಿಳ್ಳೆಯನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಅಡುಗೆಮನೆಗೆ ತರುತ್ತಾರೆ, ಮೇಲೆ ಬಲ್ಬು ತೂಗುಹಾಕುತ್ತಾರೆ. ಈಗಿನ ಎಲ್‌ಇಡಿ ಬಲ್ಬು ಬೆಳಕು ಕೊಡುತ್ತದೆಯೇ ಹೊರತು ಕಾವು ಕೊಡುವುದಿಲ್ಲ. ಮೊದಲ ವಾರದ ಮರಿಗೆ ಸುಮಾರು 35 ಡಿಗ್ರಿ ಸೆಲ್ಸಿಯಸ್ ಬೇಕು, ಹಳೆಯ ನಮೂನೆಯ 60 ವ್ಯಾಟ್ ಬಲ್ಬಾದರೆ ಸರಿ. ಕಾವು ಸಿಕ್ಕರೂ ಅದು ಚಿಂವ್ ಚಿಂವ್ ಎಂದು ಇಡೀ ರಾತ್ರಿ ಕೂಗಿ ಸುಸ್ತಾಗುತ್ತದೆ. ಇತ್ತ ಮೂರು ನಾಲ್ಕು ದಿನ ಕಾಣದ ಮರಿಯನ್ನು ತಾಯಿ ಮರೆತೇಬಿಡುತ್ತದೆ. ಹಗಲಲ್ಲಿ ತಂದು ಬಿಟ್ಟಿರೋ, ಪರಕೀಯನೆಂದು ತಲೆಯ ಮೇಲೆಯೇ ಕುಕ್ಕುತ್ತದೆ.

ನಾನು ಮಾಡಿದ್ದು ಇಷ್ಟು. ಹೇಂಟೆಯ ಮಂಕರಿಯ ಪಕ್ಕದಲ್ಲೇ ಕಣ್ಣು ಅಗಲವಾದ ಬಿದಿರಿನ ಬುಟ್ಟಿಯೊಂದನ್ನು ಬೋರಲು ಹಾಕಿ, ಕೆಳಗೆ ಗೋಣಿತಾಟು ಹಾಸಿ, ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಒಳಗಿಟ್ಟೆ. ಗಾಯ ಒಣಗಿದ ಮೇಲೆ ಜೊತೆಗಿರಲೆಂದು ಗುಂಪಿನಲ್ಲೇ ಮೆತ್ತಗಿದ್ದ ಇನ್ನೊಂದು ಪಿಳ್ಳೆಯನ್ನೂ ಬಿಟ್ಟೆ. ತಾಯಿ ಬುಟ್ಟಿಯ ಸುತ್ತ ಸುಳಿದು ಕೊಕ್ ಕೊಕ್ ಎನ್ನುವುದು, ಒಳಗಿನದು ಓಗೊಡುವುದು. ಎರಡನೆಯ ದಿನ ನೋಡುತ್ತೇನೆ, ಹೇಂಟೆ ಗೆದ್ದಲನ್ನು ತಂದು ಬುಟ್ಟಿಯ ಕಣ್ಣಿನ ಹತ್ತಿರ ಬೀಳಿಸುತ್ತಿದೆ!

ಎರಡು ವಾರ ಕಳೆದು ಪಟ್ಟಿ ಬಿಚ್ಚಿದ ದಿನ ಕತ್ತಲಾಗಲು ಕಾದು, ದೀಪ ಹಚ್ಚದೆ, ಹೇಂಟೆಯ ರೆಕ್ಕೆಯಡಿಗೆ ಹಿಂದಿನಿಂದ ಮೆಲ್ಲಗೆ ತೂರಿಸಿದೆ. ಒಮ್ಮೆ ಗುರ್ ಎಂದಿತು, ಆಮೇಲೆ ರೆಕ್ಕೆ ಸಡಿಲಿಸಿತು. ಬೆಳಿಗ್ಗೆ ಎಲ್ಲರ ಜೊತೆ ಕುಂಟುತ್ತಲೇ ಹೊರಬಂತು. ಏಳನೆಯ ವಾರದಲ್ಲಿ ಹೇಂಟೆ ಮತ್ತೆ ಮೊಟ್ಟೆಯಿಡುವ ಯೋಚನೆಗೆ ಬಂದು ಮಕ್ಕಳನ್ನೆಲ್ಲ ಕುಕ್ಕಿ ಅಟ್ಟಿತಲ್ಲ, ಆಗ ಕುಂಟುಪಿಳ್ಳೆಗೂ ಉಳಿದವುಗಳಷ್ಟೇ ಪೆಟ್ಟು ಬಿತ್ತು. ಅದು ಬೇಲಿ ಹಾರಿ ಓಡಿದ್ದನ್ನು ನೋಡಿ ಬುಟ್ಟಿಯನ್ನು ಅಟ್ಟಕ್ಕೆ ಎತ್ತಿಟ್ಟೆ.